ಲಿಪ್, ಮೆಶ್ ಹಾಕಿಸಿದ ಮೇಲೆ ಎಂಜಿನ್ ಬಿಸಿಯಾಗ್ತಿದೆಯಾ? ಬಂಪರ್ ಕೆಳಗೆ ಬಗ್ಗಿ ನೋಡಿ

ಪ್ರಶ್ನೆ: ಸರ್, ನನ್ನದು 2016ರ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಊರು ರಾಯಚೂರು. ವ್ಯಾಪಾರದ ಕೆಲಸಕ್ಕೆ ಆಗಾಗ ಹೈದರಾಬಾದಿಗೆ ಹೋಗ್ತೀನಿ. ಚಳಿಗಾಲದಲ್ಲಿ ಕಾರಿಗೆ ಸ್ವಲ್ಪ ಕೆಲಸ ಮಾಡಿಸಿದೆ. ಮುಂದೆ ಬಂಪರ್ ಕೆಳ ಅಂಚಿಗೆ ಸ್ಪೋರ್ಟ್ಸ್ ಲಿಪ್ (ಚಾಚುಪಟ್ಟಿ) ಹಾಕಿಸಿದೆ. ಅದರ ಹಿಂದೆ ಎಂಜಿನ್ ಕೆಳಗಿನವರೆಗೆ ಎಸಿಪಿ ಶೀಟ್ (ಅಲ್ಯುಮಿನಿಯಂ-ಪ್ಲಾಸ್ಟಿಕ್ ಹಾಳೆ) ಹೊಡೆಸಿದೆ. ಮೇಲಿನ ಗ್ರಿಲ್‌ಗೆ ಸಣ್ಣ ಕಣ್ಣಿನ ಮೆಶ್ ಬಂತು. ಮೈಲೇಜ್ ಬರುತ್ತೆ ಅಂತ ಕೆಳಗಿನ ಗ್ರಿಲ್ಲನ್ನು ಅಕ್ರಿಲಿಕ್ ಶೀಟ್‌ನಿಂದ ಮುಚ್ಚಿಸಿದೆ. ಆಗ ಏನೂ ತೊಂದರೆ ಇರಲಿಲ್ಲ. ಏಪ್ರಿಲ್‌ನಿಂದ ಹೆದ್ದಾರಿಯಲ್ಲಿ ಎಸಿ ಹಾಕಿಕೊಂಡು 100ರಲ್ಲಿ ಹೋದರೆ ಟೆಂಪರೇಚರ್ 110ರ ಹತ್ತಿರ ಬರುತ್ತೆ (ಕಾರಿನ ಕಂಪ್ಯೂಟರಿಗೆ ಸಿಕ್ಕಿಸುವ ಒಬಿಡಿ ರೀಡರ್‌ನಲ್ಲಿ ನೋಡಿದ್ದು). ಊರೊಳಗೆ 96-98 ದಾಟಲ್ಲ. ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದರು, ಬಾನೆಟ್ ಹಿಂಬದಿಗೆ ವಾಷರ್ ಕೊಟ್ಟು ಎತ್ತಿದರು. ಜಾಸ್ತಿ ಏನೂ ಬದಲಾಗಲಿಲ್ಲ. ದೊಡ್ಡ ರೇಡಿಯೇಟರ್ ಹಾಕಿಸಲಾ? ಬಾನೆಟ್ ಕತ್ತರಿಸಿ ಸ್ಕೂಪ್ ಇಡಿಸಲಾ? ಸ್ನೇಹಿತರ ಜೊತೆ ಕೊಯಮತ್ತೂರಿನ ಟ್ರ್ಯಾಕಿಗೂ ಹೋಗುವ ಆಸೆ ಇದೆ, ಹಿಂದೆ ಕಾರನ್ನು ನೆಲಕ್ಕೆ ಒತ್ತುವ ವಿಂಗ್ ಹಾಕಿಸಬಹುದಾ?

ಉತ್ತರ: ದೊಡ್ಡ ರೇಡಿಯೇಟರ್‌ಗೆ ಈಗಲೇ ದುಡ್ಡು ಕೊಡಬೇಡಿ. ಊರೊಳಗೆ ಸರಿಯಿದೆ, ಹೆದ್ದಾರಿಯಲ್ಲಿ ಬಿಸಿಯಾಗುತ್ತದೆ ಎಂದು ಬರೆದಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ.

ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾಗುವ ಕಾರಾದರೆ ಫ್ಯಾನ್, ಅದರ ರಿಲೇ, ಕಂಡೆನ್ಸರ್ (ಎಸಿಯ ಬಿಸಿಯನ್ನು ಹೊರಹಾಕುವ ಭಾಗ) ಮೇಲಿನ ಕಸ ಇವನ್ನು ನೋಡುತ್ತೇವೆ. ಓಡುವಾಗ ಬಿಸಿಯಾಗುವ ಕಾರಿನಲ್ಲಿ ಅನುಮಾನ ಬೇರೆ ಕಡೆ ಹೋಗುತ್ತದೆ. ಒಂದೋ ರೇಡಿಯೇಟರ್ ಒಳಗೆ ಕೂಲೆಂಟ್ (ಎಂಜಿನ್ ಬಿಸಿಯನ್ನು ಹೊತ್ತು ತರುವ ದ್ರವ) ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ಅದರ ಮೂಲಕ ಗಾಳಿ ಸರಿಯಾಗಿ ಹಾಯುತ್ತಿಲ್ಲ. ನಿಮ್ಮ ಕಾರಿನಲ್ಲಿ ಎರಡನೆಯದಕ್ಕೆ ಬೇಕಾದ ಎಲ್ಲ ಏರ್ಪಾಡನ್ನೂ ನೀವೇ ಮಾಡಿಕೊಂಡಿದ್ದೀರಿ! ಆದರೂ ಮೊದಲನೆಯದನ್ನು ಪರೀಕ್ಷಿಸದೆ ಬಿಡಬಾರದು. ಅದಕ್ಕೆ ಆಮೇಲೆ ಬರುತ್ತೇನೆ.

ಚಳಿಗಾಲದಲ್ಲಿ ಇಲ್ಲದ ತೊಂದರೆ ಏಪ್ರಿಲ್‌ನಲ್ಲಿ ಏಕೆ ಬಂತು? ರೇಡಿಯೇಟರ್ ಎಷ್ಟು ಬಿಸಿ ಹೊರಹಾಕುತ್ತದೆ ಎನ್ನುವುದು ಕೂಲೆಂಟ್ ಮತ್ತು ಹೊರಗಿನ ಗಾಳಿಯ ನಡುವಿನ ಅಂತರದ ಮೇಲೆ ನಿಂತಿದೆ. ಕೂಲೆಂಟ್ 100 ಡಿಗ್ರಿ, ಗಾಳಿ 22 ಡಿಗ್ರಿ ಇದ್ದರೆ ಅಂತರ 78. ಗಾಳಿ 42 ಆದರೆ ಅಂತರ 58. ಅದೇ ರೇಡಿಯೇಟರ್, ಅಷ್ಟೇ ಗಾಳಿ, ಆದರೆ ಕಾಲು ಭಾಗದಷ್ಟು ಶಕ್ತಿ ಹೋಯಿತು. ಇದರ ಮೇಲೆ ಎಸಿ. ಅದರ ಕಂಡೆನ್ಸರ್ ರೇಡಿಯೇಟರ್‌ನ ಮುಂದೆಯೇ ಕೂತಿರುತ್ತದೆ. ಸೆಕೆಗಾಲದಲ್ಲಿ ಎಸಿ ಪೂರ್ತಿ ದುಡಿಯುವಾಗ ಕಂಡೆನ್ಸರ್ ದಾಟಿ ಬರುವ ಗಾಳಿ ಹತ್ತು ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಿಸಿಯಾಗಿರುತ್ತದೆ. ಆಗ ಅಂತರ 48ಕ್ಕೆ ಇಳಿಯುತ್ತದೆ. ಬಿಸಿ ಗಾಳಿ ಹಗುರವೂ ಹೌದು. 20 ಡಿಗ್ರಿಯ ಗಾಳಿಗೆ ಹೋಲಿಸಿದರೆ 42 ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು ಶೇ. 7 ಕಡಿಮೆ. ಜನವರಿಯಲ್ಲಿ ನಿಮ್ಮ ಮೆಶ್, ಶೀಟ್ ಎಲ್ಲ ಸೇರಿ ಗಾಳಿಯನ್ನು ಅರ್ಧ ಮಾಡಿದ್ದರೂ ಗೊತ್ತಾಗುತ್ತಿರಲಿಲ್ಲ. ಕಂಪನಿಯವರು ಬಿಟ್ಟ ಮಾರ್ಜಿನ್ ಅದನ್ನು ನುಂಗಿಕೊಳ್ಳುತ್ತಿತ್ತು. ಆ ಮಾರ್ಜಿನ್ ಇಟ್ಟಿದ್ದೇ ಏಪ್ರಿಲ್, ಮೇ ತಿಂಗಳಿಗೆ.

ಈಗ ಗಾಳಿಯ ವಿಷಯ. ತುಂಬಾ ಜನ ಬಂಪರ್‌ನ ತೂತು ಎಷ್ಟು ದೊಡ್ಡದಿದೆ ಎಂಬುದನ್ನಷ್ಟೇ ನೋಡುತ್ತಾರೆ. ಗಾಳಿ ಹೋಗುವುದು ತೂತಿನ ಗಾತ್ರ ನೋಡಿ ಅಲ್ಲ, ಒತ್ತಡದ ವ್ಯತ್ಯಾಸ ನೋಡಿ. ರೇಡಿಯೇಟರ್ ಮುಂದೆ ಒತ್ತಡ ಜಾಸ್ತಿ ಇರಬೇಕು, ಹಿಂದೆ ಕಡಿಮೆ ಇರಬೇಕು. ಮುಂಬಾಗಿಲು ಎಷ್ಟೇ ತೆರೆದಿಟ್ಟರೂ ಹಿತ್ತಿಲ ಬಾಗಿಲು ಮುಚ್ಚಿದ್ದರೆ ಮನೆಯೊಳಗೆ ಗಾಳಿ ಆಡುವುದಿಲ್ಲ, ಅಲ್ವಾ? ಅಷ್ಟೇ ವಿಷಯ.

ಕೈಯಲ್ಲಿರುವ ಒತ್ತಡವೂ ದೊಡ್ಡದೇನಲ್ಲ. ರಾಯಚೂರಿನ ಬೇಸಿಗೆಯ ಗಾಳಿಯಲ್ಲಿ 100 ಕಿ.ಮೀ. ವೇಗದಲ್ಲಿ ಮೂತಿಗೆ ಬಡಿಯುವ ಗಾಳಿಯ ಒತ್ತಡ ಸುಮಾರು 410 ಪ್ಯಾಸ್ಕಲ್. ಅಂದರೆ 42 ಮಿ.ಮೀ. ನೀರನ್ನು ಎತ್ತುವಷ್ಟು. 60ರಲ್ಲಿ ಅದು 15 ಮಿ.ಮೀ., 30ರಲ್ಲಿ 4 ಮಿ.ಮೀ. ಕೂಡ ಇಲ್ಲ. ಊರೊಳಗೆ ನಿಮ್ಮ ಕಾರನ್ನು ಕಾಪಾಡುತ್ತಿರುವುದು ಫ್ಯಾನ್. ಹೆದ್ದಾರಿಯಲ್ಲಿ ಎಂಜಿನ್ ಹೆಚ್ಚು ಬಿಸಿ ಹುಟ್ಟಿಸುತ್ತದೆ, ಅದನ್ನು ಹೊರಹಾಕಲು ಫ್ಯಾನ್ ಒಂದೇ ಸಾಲದು. ಆ 42 ಮಿ.ಮೀ. ನೀರಿನಷ್ಟು ಒತ್ತಡವನ್ನು ಎಲ್ಲೂ ಪೋಲು ಮಾಡದೆ ರೇಡಿಯೇಟರ್‌ಗೆ ಮುಟ್ಟಿಸಬೇಕು, ಹಾದು ಬಂದ ಗಾಳಿಗೆ ಹೊರಗೆ ದಾರಿ ಬಿಡಬೇಕು.

ಹೊರಗಿನ ದಾರಿಯನ್ನು ನೀವು ಮುಚ್ಚಿದ್ದೀರಿ. ನಿಮ್ಮಂಥ ಮುಂಚಕ್ರ ಚಾಲನೆಯ ಸಣ್ಣ ಕಾರಿನಲ್ಲಿ ರೇಡಿಯೇಟರ್ ದಾಟಿದ ಗಾಳಿ ಎಂಜಿನ್ ಸುತ್ತ ಹಾದು, ಕೆಳಗಿನಿಂದ ಹೊರಗೆ ಹೋಗುತ್ತದೆ. ಅಲ್ಲೇ ನಿಮ್ಮ ಎಸಿಪಿ ಶೀಟ್ ಬಂದಿದೆ. ಲಿಪ್ ಮಾತ್ರ ಇದ್ದಿದ್ದರೆ ನಾನು ಇಷ್ಟು ಚಿಂತಿಸುತ್ತಿರಲಿಲ್ಲ. ಬಂಪರ್ ಕೆಳ ಅಂಚಿನಿಂದ ಸ್ವಲ್ಪ ಮುಂದೆ ಚಾಚಿದ ಲಿಪ್ ಕೂಲಿಂಗ್ ಕೆಡಿಸುವುದಿಲ್ಲ. ಕೆಳಗಿನ ಗ್ರಿಲ್ ತೆರೆದಿದ್ದರೆ ಸ್ವಲ್ಪ ಸಹಾಯವೇ ಆಗಬಹುದು. ಅದರ ಹಿಂದೆ ಎಂಜಿನ್ ತಳವನ್ನು ಪೂರ್ತಿ ಮುಚ್ಚಿದ್ದರಿಂದ ಬಾನೆಟ್ ಒಳಗೆ ಒತ್ತಡ ಏರುತ್ತದೆ. ರೇಡಿಯೇಟರ್ ಹಿಂದೆ ಒತ್ತಡ ಏರಿದರೆ ಮುಂದಿನಿಂದ ಗಾಳಿ ಬರುವುದೇ ಇಲ್ಲ, ಬಂಪರ್ ಮುಂದೆಯೇ ಪಕ್ಕಕ್ಕೆ ಸರಿದು ಹೋಗುತ್ತದೆ. ಕಂಪನಿಯವರೂ ಎಷ್ಟೋ ಕಾರುಗಳಿಗೆ ಕೆಳಗೆ ಪ್ಲಾಸ್ಟಿಕ್ ತಟ್ಟೆ ಕೊಡುತ್ತಾರೆ, ಆದರೆ ಅದರಲ್ಲಿ ಬಿಸಿ ಗಾಳಿಗೆ ಜಾಗ ಬಿಟ್ಟಿರುತ್ತಾರೆ.

ಎಸಿಪಿ ಬಗ್ಗೆ ಇನ್ನೊಂದು ಮಾತು, ಇದು ಕೂಲಿಂಗ್‌ಗಿಂತ ಮುಖ್ಯ. ಅದು ಅಂಗಡಿ ಬೋರ್ಡಿಗೆ ಹಾಕುವ ವಸ್ತು. ಎರಡು ತೆಳು ಅಲ್ಯುಮಿನಿಯಂ ಹಾಳೆಯ ನಡುವೆ ಸಾಮಾನ್ಯವಾಗಿ ಪಾಲಿಥೀನ್ ಇರುತ್ತದೆ, ಅದು ಬಿಸಿಗೆ ಕರಗುತ್ತದೆ, ಹೊತ್ತಿಯೂ ಕೊಳ್ಳುತ್ತದೆ. ಎಕ್ಸಾಸ್ಟ್ ಮತ್ತು ಅದರ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೈ ನೂರಾರು ಡಿಗ್ರಿ ಬಿಸಿಯಾಗುತ್ತದೆ. ಮೇಲಾಗಿ ನಮ್ಮ ಕಡೆ ಹಿಂಗಾರಿಯಲ್ಲಿ ರಸ್ತೆ ಮೇಲೆಯೇ ರಾಶಿ ಮಾಡುತ್ತಾರೆ. ತೊಗರಿ ಕಟ್ಟಿಗೆ, ಜೋಳದ ದಂಟು, ಹೊಟ್ಟು ಆ ಶೀಟ್ ಮೇಲೆ ಕೂತು ಒಣಗಿದರೆ ಬೆಂಕಿಗೆ ಸೌದೆ ಸಿದ್ಧವಾದಂತೆ. ಶೀಟ್ ತೆಗೆಸಿ. ಇದರಲ್ಲಿ ಚೌಕಾಸಿ ಬೇಡ.

ಶೀಟ್ ತೆಗೆಯುವಾಗ ಒಂದನ್ನು ಗಮನಿಸಿ. ರೇಡಿಯೇಟರ್ ಕೆಳಗೆ, ಬಂಪರ್ ತಳದಲ್ಲಿ, ಕಂಪನಿಯದ್ದೇ ಒಂದು ಕರಿ ಪ್ಲಾಸ್ಟಿಕ್ ಪಟ್ಟಿ ನೆಲದ ಕಡೆ ಇಳಿಬಿದ್ದಿತ್ತಾ? ಲಿಪ್ ಕೂರಿಸುವಾಗ ಅದನ್ನು ಕಿತ್ತಿದ್ದಾರಾ? ಹಂಪ್‌ಗೆ ಉಜ್ಜುತ್ತದೆ ಅಂತ ತುಂಬಾ ಜನ ಅದನ್ನು ಕಿತ್ತೆಸೆಯುತ್ತಾರೆ. ನೋಡಲು ಏನೂ ಅಲ್ಲದ ಆ ಪಟ್ಟಿ ತನ್ನ ಹಿಂದೆ ಕಡಿಮೆ ಒತ್ತಡ ಹುಟ್ಟಿಸಿ ಬಾನೆಟ್ ಒಳಗಿನಿಂದ ಬಿಸಿ ಗಾಳಿಯನ್ನು ಎಳೆದು ತೆಗೆಯುತ್ತದೆ. 1980ರ ದಶಕದ ಷೆವ್ರೊಲೆ ಕಾರ್ವೆಟ್‌ನಂಥ ಕಾರುಗಳು ಗಾಳಿಯನ್ನು ಮುಖ್ಯವಾಗಿ ಬಂಪರ್ ಕೆಳಗಿನಿಂದಲೇ ತೆಗೆದುಕೊಳ್ಳುತ್ತಿದ್ದವು. ಅವುಗಳಲ್ಲಿ ಈ ಪಟ್ಟಿ ಮುರಿದರೆ ಹೆದ್ದಾರಿಯಲ್ಲಿ ಎಂಜಿನ್ ಬಿಸಿಯಾಗುತ್ತಿತ್ತು, ಕಾರಣ ಗೊತ್ತಾಗದೆ ಜನ ವಾಟರ್ ಪಂಪ್ ಬದಲಿಸುತ್ತಿದ್ದರು. ನಿಮ್ಮದರಲ್ಲಿ ಪಟ್ಟಿ ಇಲ್ಲದಿದ್ದರೆ ಶೋರೂಮ್‌ನಲ್ಲಿ ಪಾರ್ಟ್ ಕೇಳಿ ಹಾಕಿಸಿ.

ಇನ್ನು ಒಳದಾರಿ. ಕೆಳಗಿನ ಗ್ರಿಲ್ ಮುಚ್ಚುವುದು ತಪ್ಪು ಯೋಚನೆಯೇನಲ್ಲ. ರೇಡಿಯೇಟರ್ ಮೂಲಕ ಹಾಯುವ ಗಾಳಿಯೂ ಕಾರನ್ನು ತಡೆಯುತ್ತದೆ. ಸಾಮಾನ್ಯ ಕಾರುಗಳಲ್ಲಿ ಗಾಳಿಯ ಒಟ್ಟು ತಡೆಯಲ್ಲಿ ಶೇ. 5ರಿಂದ 10ರಷ್ಟು ಇದರದ್ದೇ. ಅದಕ್ಕೇ ಕೆಲವು ಹೊಸ ಕಾರುಗಳಲ್ಲಿ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಗ್ರಿಲ್ ಶಟರ್ ಇರುತ್ತದೆ. ಕಂಪ್ಯೂಟರ್ ಬಿಸಿ ನೋಡಿ ಅದನ್ನು ತೆರೆಯುತ್ತದೆ. ನಿಮ್ಮ ಅಕ್ರಿಲಿಕ್ ಶೀಟ್‌ಗೆ ಅಂಥ ಬುದ್ಧಿ ಇಲ್ಲ.

ಲಾಭ ಎಷ್ಟು ನೋಡೋಣ. 100ರಲ್ಲಿ ನಿಮ್ಮಂಥ ಕಾರನ್ನು ತಡೆಯುವ ಬಲದಲ್ಲಿ ಸುಮಾರು ಶೇ. 70 ಗಾಳಿಯದ್ದು, ಉಳಿದದ್ದು ಟೈರಿನದ್ದು. ಅರ್ಧ ಗ್ರಿಲ್ ಮುಚ್ಚಿ ಶೇ. 2ರಷ್ಟು ಪೆಟ್ರೋಲ್ ಉಳಿದರೆ ಅದೇ ದೊಡ್ಡದು. ಹೈದರಾಬಾದಿಗೆ 200 ಕಿ.ಮೀ. ಲೆಕ್ಕ ಹಿಡಿದರೆ ಕಾಲು ಲೀಟರ್‌ಗೂ ಕಡಿಮೆ, ಇಪ್ಪತ್ತೈದು ರೂಪಾಯಿ ಒಳಗೆ. ಬಿಸಿಯಿಂದ ಹೆಡ್ ಗ್ಯಾಸ್ಕೆಟ್ (ಎಂಜಿನ್ ಮೇಲ್ಭಾಗದ ಸೀಲ್) ಹೋದರೆ ಬಿಲ್ ಸಾವಿರಗಳಲ್ಲಿ ಬರುತ್ತದೆ. ಅದೇ ನೀವು ವೇಗವನ್ನು 100ರಿಂದ 90ಕ್ಕೆ ಇಳಿಸಿದರೆ ಗಾಳಿಯ ತಡೆ ಶೇ. 19 ಕಡಿಮೆಯಾಗುತ್ತದೆ, ಟೈರು ಸೇರಿಸಿ ಒಟ್ಟು ತಡೆ ಶೇ. 13ರಷ್ಟು ಇಳಿಯುತ್ತದೆ. ಪೆಟ್ರೋಲೂ ಉಳಿಯಿತು, ಎಂಜಿನ್ ಹುಟ್ಟಿಸುವ ಬಿಸಿಯೂ ಇಳಿಯಿತು. ಮಾರ್ಚ್‌ನಿಂದ ಮಳೆ ಬರುವವರೆಗೆ ಕೆಳಗಿನ ಗ್ರಿಲ್ ತೆರೆದೇ ಇರಲಿ. ಚಳಿಗಾಲದಲ್ಲಿ ಬೇಕಿದ್ದರೆ ಒಬಿಡಿ ನೋಡಿಕೊಂಡು ಸ್ವಲ್ಪ ಮುಚ್ಚಿ, ಪೂರ್ತಿ ಮಾತ್ರ ಬೇಡ.

ಮೆಶ್ ಬಗ್ಗೆ ಕಡಿಮೆ ಹೇಳುತ್ತೇನೆ. ಸಣ್ಣ ಕಣ್ಣಿನ ಮೆಶ್‌ನಲ್ಲಿ ತಂತಿಯೇ ಅರ್ಧ ಜಾಗ ತಿನ್ನಬಹುದು, ಉಳಿದ ಕಣ್ಣನ್ನು ಅರಳೆ, ಹುಳ, ಧೂಳು ಮುಚ್ಚುತ್ತವೆ. ಬೆರಳು ತೂರುವಷ್ಟು ದೊಡ್ಡ ಕಣ್ಣಿನದು ಹಾಕಿಸಿ.

ಇದಕ್ಕಿಂತ ದೊಡ್ಡ ಲಾಭ ಇರುವುದು ಸಂದುಗಳಲ್ಲಿ. ಬಂಪರ್ ತೂತಿಗೂ ರೇಡಿಯೇಟರ್‌ಗೂ ನಡುವೆ ಪಕ್ಕದಲ್ಲಿ, ಮೇಲೆ, ಕೆಳಗೆ ಸಂದು ಇದ್ದರೆ ಒಳಗೆ ಬಂದ ಗಾಳಿ ರೇಡಿಯೇಟರ್‌ನ ಬಿಗಿ ರೆಕ್ಕೆಗಳ ನಡುವೆ ಏಕೆ ನುಗ್ಗಬೇಕು? ಸುಲಭದ ದಾರಿ ಹಿಡಿದು ಪಕ್ಕದಿಂದ ಹೋಗುತ್ತದೆ. ಕಂಪನಿಯವರು ಅಲ್ಲಿ ಫೋಮ್ ಪಟ್ಟಿ, ಪ್ಲಾಸ್ಟಿಕ್ ಗೋಡೆ ಕೊಟ್ಟಿರುತ್ತಾರೆ. ಹೊರಗಿನ ಅಂಗಡಿಯಲ್ಲಿ ಬಂಪರ್ ಬಿಚ್ಚಿ ಜೋಡಿಸಿದಾಗ ಮೊದಲು ಕಾಣೆಯಾಗುವುದು ಇವೇ. ಸಂಜೆ ಬಂಪರ್ ಮುಂದೆ ಕೂತು ಟಾರ್ಚ್ ಬಿಟ್ಟು ನೋಡಿ. ರೇಡಿಯೇಟರ್ ಪಕ್ಕದಿಂದ ಬೆಳಕು ಎಂಜಿನ್ ಕಡೆಗೆ ಹೋಗುತ್ತಿದ್ದರೆ ಗಾಳಿಯೂ ಹಾಗೇ ಹೋಗುತ್ತಿದೆ. ಬಿಸಿ ತಡೆಯುವ ದಪ್ಪ ಫೋಮ್ ಅಥವಾ ರಬ್ಬರ್ ಪಟ್ಟಿಯಿಂದ ಸಂದು ಮುಚ್ಚಿ. ನಿಂತಾಗಲೂ ಇದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಫ್ಯಾನ್ ಹಿಂದೆ ತಳ್ಳಿದ ಬಿಸಿ ಗಾಳಿ ಅದೇ ಸಂದಿನಿಂದ ಮತ್ತೆ ಮುಂದೆ ಬರುತ್ತಿರುತ್ತದೆ.

ಈ ಪಾಠ ಹಳೆಯದು. 1935ರಲ್ಲಿ ಬ್ರಿಟನ್ನಿನ ಎಫ್. ಡಬ್ಲ್ಯು. ಮೆರೆಡಿತ್ ಎನ್ನುವವರು ವಿಮಾನದ ರೇಡಿಯೇಟರನ್ನು ಸರಿಯಾದ ಆಕಾರದ ಕೊಳವೆಯೊಳಗೆ ಇಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಸಣ್ಣ ಬಾಯಿಂದ ಬಂದ ಗಾಳಿ ಕೊಳವೆ ಅಗಲವಾದಂತೆ ನಿಧಾನವಾಗುತ್ತದೆ, ಅದರ ಒತ್ತಡ ಏರುತ್ತದೆ. ರೇಡಿಯೇಟರ್ ದಾಟಿ ಬಿಸಿಯಾದ ಮೇಲೆ ಕಿರಿದಾದ ಬಾಯಿಂದ ವೇಗವಾಗಿ ಹಿಂದೆ ಹೊರಡುತ್ತದೆ. ಎರಡನೇ ಮಹಾಯುದ್ಧದ ಪಿ-51 ಮಸ್ಟಾಂಗ್ ವಿಮಾನದ ಹೊಟ್ಟೆಯಡಿ ಇರುವ ಉಬ್ಬು ಇದೇ ಲೆಕ್ಕದ್ದು. ಕೂಲಿಂಗ್‌ನಿಂದಾಗುವ ತಡೆಯ ದೊಡ್ಡ ಪಾಲನ್ನು ಅದು ವಾಪಸ್ ಪಡೆಯುತ್ತಿತ್ತು. ಕಾರಿನಲ್ಲಿ ಅಷ್ಟು ಆಗುವುದಿಲ್ಲ. ಆದರೆ ಸಂದಿಲ್ಲದ ಡಕ್ಟ್ (ಗಾಳಿ ಕೊಳವೆ) ಇದ್ದರೆ ರೇಡಿಯೇಟರ್‌ನ ಮೂರನೇ ಒಂದು ಭಾಗದಷ್ಟು ಬಾಯಿಯೂ ಹೆದ್ದಾರಿಗೆ ಸಾಕಾಗುತ್ತದೆ. ನೋಟವೂ ಬೇಕು, ಕೂಲಿಂಗೂ ಬೇಕು ಎನ್ನುವವರು ಮೊದಲು ದುಡ್ಡು ಹಾಕಬೇಕಾದದ್ದು ಈ ಫೋಮ್ ಪಟ್ಟಿಗೆ. ಯಾರಿಗೂ ಕಾಣದ ಮಾಡಿಫಿಕೇಶನ್ ಆದ್ದರಿಂದ ಯಾರೂ ಮಾಡಿಸುವುದಿಲ್ಲ ಅನ್ನಿ.

ನಿಮ್ಮ ಮೆಕ್ಯಾನಿಕ್ ಮಾಡಿದ ಎರಡು ಕೆಲಸಗಳನ್ನೂ ವಾಪಸ್ ಮಾಡಿಸಿ. ಬಾನೆಟ್ ಹಿಂಬದಿ ಎತ್ತಿದರೆ ಬಿಸಿ ಗಾಳಿ ಅಲ್ಲಿಂದ ಹೋಗುತ್ತದೆ ಎನ್ನುವುದು ಕಾರು ನಿಂತಾಗ ನಿಜ. ಓಡುವಾಗ ಗಾಳಿ ಗಾಜಿಗೆ ಬಡಿದು ನಿಲ್ಲುವುದು ಅಲ್ಲೇ, ಹಾಗಾಗಿ ಗಾಜಿನ ಬುಡದಲ್ಲಿ ಒತ್ತಡ ಹೆಚ್ಚು. ಕಾರಿನ ಎಸಿಗೆ ಹೊರಗಾಳಿ ತೆಗೆದುಕೊಳ್ಳುವ ಜಾಲರಿಯನ್ನು ಅಲ್ಲಿ ಇಡುವುದು ಅದಕ್ಕೇ. ಷೆವ್ರೊಲೆಯವರು 1969ರ ಕ್ಯಾಮರೊದಲ್ಲಿ ಎಂಜಿನ್ ಕುಡಿಯುವ ಗಾಳಿಯನ್ನೇ ಗಾಜಿನ ಬುಡದಿಂದ ತೆಗೆದುಕೊಳ್ಳುವ ಬಾನೆಟ್ ಕೊಟ್ಟಿದ್ದರು. ಹೀಗಿರುವಾಗ ನಿಮ್ಮ ವಾಷರ್ ಹೆದ್ದಾರಿಯಲ್ಲಿ ಬಾನೆಟ್ ಒಳಗೆ ಇನ್ನಷ್ಟು ಗಾಳಿ ತುಂಬಿಸುತ್ತಿರಬಹುದು. ಬಾನೆಟ್ ಹಿಂಜುಗಳನ್ನು ಹೀಗೆ ಎತ್ತುವುದು ಅಪಘಾತದ ಹೊತ್ತಲ್ಲೂ ಒಳ್ಳೆಯದಲ್ಲ.

ಸ್ಕೂಪ್‌ನದ್ದೂ ಇದೇ ಕತೆ. ಮುಂದಕ್ಕೆ ಬಾಯಿ ತೆರೆದ ಸ್ಕೂಪ್ ಗಾಳಿಯನ್ನು ಒಳಗೆ ತುಂಬುತ್ತದೆ. ನಿಮಗೆ ಬೇಕಾದದ್ದು ಹೊರಗೆ ಎಳೆಯುವ ದಾರಿ. ಟ್ರ್ಯಾಕ್ ಕಾರುಗಳಲ್ಲಿ ಬಾನೆಟ್‌ನ ಮುಂಭಾಗದಲ್ಲಿ, ರೇಡಿಯೇಟರ್‌ನ ಸ್ವಲ್ಪ ಹಿಂದೆ, ಹಿಂದಕ್ಕೆ ಬಾಯಿ ಇರುವ ಸೀಳುಗಳನ್ನು ನೋಡಿರಬಹುದು. ಗಾಳಿ ಮೂತಿ ದಾಟಿ ಬಾನೆಟ್ ಮೇಲೆ ಬಾಗುವಾಗ ಅಲ್ಲಿ ಒತ್ತಡ ಕಡಿಮೆ ಇರುತ್ತದೆ, ಅದು ಒಳಗಿನ ಬಿಸಿಯನ್ನು ಎಳೆಯುತ್ತದೆ. ಕೆಲಸ ಮಾಡುವ ವಿದ್ಯೆ ಅದು. ಆದರೂ ರಸ್ತೆ ಕಾರಿಗೆ ಬೇಡ ಎನ್ನುತ್ತೇನೆ. ಮಳೆ ನೀರು ನೇರವಾಗಿ ವೈರಿಂಗ್ ಮೇಲೆ ಬೀಳುತ್ತದೆ, ಬಿಸಿ ಗಾಳಿ ಎಸಿ ಜಾಲರಿಗೆ ಹೋಗುತ್ತದೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ. ಮುಂದೊಮ್ಮೆ ಇನ್ಶೂರೆನ್ಸ್ ಕ್ಲೇಮ್ ಬಂದಾಗಲೂ ಕತ್ತರಿಸಿದ ಬಾನೆಟ್ ನಿಮ್ಮ ಪರವಾಗಿ ಮಾತಾಡುವುದಿಲ್ಲ.

ಥರ್ಮೋಸ್ಟಾಟ್ ತೆಗೆಯುವುದು ನಮ್ಮಲ್ಲಿ ಎಲ್ಲ ಗ್ಯಾರೇಜ್‌ಗಳ ಮೊದಲ ಔಷಧಿ. ಅದು ಸುಮಾರು 82ರಿಂದ 90 ಡಿಗ್ರಿ ನಡುವೆ ತೆರೆದುಕೊಳ್ಳುವ ವಾಲ್ವ್. 110 ಡಿಗ್ರಿಯಲ್ಲಿ ಸರಿಯಿರುವ ಥರ್ಮೋಸ್ಟಾಟ್ ಪೂರ್ತಿ ತೆರೆದೇ ಇರುತ್ತದೆ, ಹಾಗಾಗಿ ತೆಗೆದು ಸಾಧಿಸಿದ್ದು ಏನೂ ಇಲ್ಲ. ಕೆಟ್ಟಿದ್ದರೆ ಹೊಸದು ಹಾಕಬೇಕಿತ್ತು. ಹಲವು ಎಂಜಿನ್‌ಗಳಲ್ಲಿ ಇದೇ ವಾಲ್ವ್ ತೆರೆಯುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಕೂಲೆಂಟ್‌ನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ, ಬಿಸಿ ಇನ್ನೂ ಏರಬಹುದು. ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗಲು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುವುದು ಬೇರೆ.

ಈಗ ಕೂಲೆಂಟ್ ಕಡೆಗೆ. ನಡುದಾರಿಯಲ್ಲಿ ಎಂದಾದರೂ ಬೋರ್ ನೀರು ತುಂಬಿಸಿದ್ದೀರಾ? ನಮ್ಮ ಭಾಗದ ಗಡಸು ನೀರು ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಇದರ ಲಕ್ಷಣವೂ ನೀವು ಹೇಳಿದ್ದೇ: ಊರಲ್ಲಿ ಸರಿ, ಹೆದ್ದಾರಿಯಲ್ಲಿ ಬಿಸಿ. ಎಂಜಿನ್ ಬಿಸಿಯಾಗಿ ಫ್ಯಾನ್ ನಿಂತ ಮೇಲೆ ಕೀ ತೆಗೆದು, ಇನ್ಫ್ರಾರೆಡ್ ಥರ್ಮಾಮೀಟರ್‌ನಿಂದ ರೇಡಿಯೇಟರ್ ಮೈಯನ್ನು ಅಲ್ಲಲ್ಲಿ ಅಳೆಸಿ. ಪಕ್ಕದ ಜಾಗಕ್ಕಿಂತ ತೀರಾ ತಣ್ಣಗಿರುವ ಕಲೆಗಳಿದ್ದರೆ ಅಲ್ಲಿ ಕೊಳವೆ ಕಟ್ಟಿದೆ. ಆಗ ಮಾತ್ರ ರೇಡಿಯೇಟರ್ ಬದಲಿಸಿ, ಅದೂ ಕಂಪನಿ ಅಳತೆಯದ್ದೇ. ಕೂಲೆಂಟ್ ಮ್ಯಾನುವಲ್‌ನಲ್ಲಿ ಹೇಳಿದ ಜಾತಿಯದು, ಹೇಳಿದಷ್ಟೇ ಪ್ರಮಾಣದಲ್ಲಿ, ಡಿಸ್ಟಿಲ್ಡ್ ನೀರಿನ ಜೊತೆ. ಕೂಲೆಂಟ್ ತಯಾರಿಸಲು ನೀರಿಗೆ ಬೆರೆಸುವ ಗ್ಲೈಕಾಲ್ ಜಾಸ್ತಿ ಹಾಕಿದರೆ ಜಾಸ್ತಿ ತಂಪು ಎನ್ನುವುದು ಸುಳ್ಳು. ಬಿಸಿ ಹೊರುವ ಶಕ್ತಿಯಲ್ಲಿ ನೀರೇ ಮುಂದು, ಗ್ಲೈಕಾಲ್ ಇರುವುದು ಕುದಿಬಿಂದು ಏರಿಸಲು, ಹೆಪ್ಪುಗಟ್ಟದಂತೆ ನೋಡಿಕೊಳ್ಳಲು. ರೇಡಿಯೇಟರ್ ಮೇಲಿನ ಹಳೆಯ ಕ್ಯಾಪನ್ನೂ ಬದಲಿಸಿ. ಅದು ಒಂದು ಬಾರ್‌ನಷ್ಟು ಒತ್ತಡ ಹಿಡಿದರೆ ಬರೀ ನೀರೂ ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಹಿಡಿಯದಿದ್ದರೆ ನೂರರ ಆಸುಪಾಸಿನಲ್ಲೇ ಕುದಿ ಶುರು. ಕೂಲೆಂಟ್ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮೊದಲು.

ಇಷ್ಟೆಲ್ಲ ಆದ ಮೇಲೆ ಗಾಳಿಯ ಪಾಲು ಎಷ್ಟು ಎಂದು ನೀವೇ ಅಳೆಯಬಹುದು. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ತನ್ನಿ. ಒಂದು ತುಂಡನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಶಾಯಿ ಬೆರೆಸಿದ ನೀರು ಅರ್ಧ ತುಂಬಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿ. ಒಂದು ತುದಿಯಿಂದ ಪೈಪ್ ಎಳೆದು ಕಂಡೆನ್ಸರ್ ಮುಂದೆ ಇಡಿ, ಇನ್ನೊಂದರಿಂದ ಫ್ಯಾನ್ ಹಿಂದೆ. ಗಾಳಿ ನೇರವಾಗಿ ಪೈಪಿನ ಬಾಯಿಗೆ ಬಡಿಯದಂತೆ ಎರಡೂ ಬಾಯಿಗೆ ಸ್ಪಂಜಿನ ತುಂಡು ಸುತ್ತಿ. ಪೈಪ್ ಫ್ಯಾನ್, ಬೆಲ್ಟ್, ಎಕ್ಸಾಸ್ಟ್‌ಗೆ ತಾಗದಂತೆ ಕಟ್ಟಿ. ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ, 80 ಸಾಕು, ಹೋಗಿ ಬನ್ನಿ. ಸ್ಕೇಲ್ ಓದುವುದು ಪಕ್ಕದಲ್ಲಿ ಕೂತವರ ಕೆಲಸ, ನಿಮ್ಮದಲ್ಲ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ರೇಡಿಯೇಟರ್ ಮೂಲಕ ಗಾಳಿಯನ್ನು ತಳ್ಳುತ್ತಿರುವ ಒತ್ತಡ. ಮೊದಲು ಎಲ್ಲ ಇದ್ದ ಹಾಗೆ, ಆಮೇಲೆ ತಳದ ಶೀಟ್ ತೆಗೆದು, ಆಮೇಲೆ ಅಕ್ರಿಲಿಕ್ ತೆಗೆದು, ಕೊನೆಗೆ ಸಂದು ಮುಚ್ಚಿ ನೋಡಿ. ಒಮ್ಮೆಗೆ ಒಂದೇ ಬದಲಾವಣೆ. ಶೀಟ್ ತೆಗೆದಾಗ ವ್ಯತ್ಯಾಸ ಹೆಚ್ಚಾಗುತ್ತದೆ ಎಂದೇ ನನ್ನ ಅಂದಾಜು. ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು, ಎರಡೂ ದಿಕ್ಕಿನಲ್ಲಿ ಅಳೆದರೆ ಲೆಕ್ಕ ನಂಬಬಹುದು.

ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದನ್ನೂ ತೊಳೆಸಿ. ಹೊಟ್ಟು, ಅರಳೆ ಎಲ್ಲ ಹೋಗಿ ಕೂರುವುದು ಅಲ್ಲೇ, ಹೊರಗಿನಿಂದ ಕಾಣುವುದಿಲ್ಲ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಸಾದಾ ಪೈಪ್ ನೀರು, ಹಿಂದಿನಿಂದ ಮುಂದಕ್ಕೆ.

ಅಲ್ಲಿಯವರೆಗೆ ದಾರಿಯಲ್ಲಿ ಟೆಂಪರೇಚರ್ 105 ದಾಟಿದರೆ ಎಸಿ ಆಫ್ ಮಾಡಿ, 70-80ಕ್ಕೆ ಇಳಿಸಿ. ಆಮೇಲೂ ಏರುತ್ತಿದ್ದರೆ ಹೀಟರ್ ಪೂರ್ತಿ ತಿರುಗಿಸಿ. 42 ಡಿಗ್ರಿ ಬಿಸಿಲಲ್ಲಿ ಹೀಟರ್ ಹಾಕುವುದು ಶಿಕ್ಷೆಯೇ, ಆದರೆ ಅದೂ ಒಂದು ಸಣ್ಣ ರೇಡಿಯೇಟರ್, ಉಪಯೋಗಕ್ಕೆ ಬರುತ್ತದೆ. ಕೆಂಪು ಲೈಟ್ ಬಂದರೆ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿಬಿಡಿ. ಬಿಸಿ ಇರುವಾಗ ಕ್ಯಾಪ್ ತೆರೆಯಲೇಬೇಡಿ.

ಕೊನೆಗೆ ವಿಂಗ್ ಮತ್ತು ಕೊಯಮತ್ತೂರು. ಅಲ್ಲಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಉದ್ದದ ಸಣ್ಣ ಟ್ರ್ಯಾಕ್. ಒಂದೂಕಾಲು ಮೀಟರ್ ಉದ್ದದ ಸಾಮಾನ್ಯ ವಿಂಗ್ 100ರಲ್ಲಿ ಹೆಚ್ಚೆಂದರೆ ಹತ್ತು ಕೆ.ಜಿ.ಯಷ್ಟು ಒತ್ತುತ್ತದೆ, ಅದೂ ಹಿಂದಿನ ಚಕ್ರದ ಮೇಲೆ. ನಿಮ್ಮ ಕಾರನ್ನು ಎಳೆಯುವುದು, ತಿರುಗಿಸುವುದು ಎರಡೂ ಮುಂದಿನ ಚಕ್ರಗಳೇ. ಗಾಳಿಯ ತಡೆ ಹೆಚ್ಚಿ ಎಂಜಿನ್ ಇನ್ನಷ್ಟು ಬೇಯುತ್ತದೆ. ಹೆದ್ದಾರಿಯಲ್ಲಿ ನಿಮ್ಮ ಎಂಜಿನ್ 15 ಕಿಲೋವ್ಯಾಟ್ ಒಳಗೇ ಕೆಲಸ ಮುಗಿಸುತ್ತದೆ, ಟ್ರ್ಯಾಕ್‌ನಲ್ಲಿ ಅದರ ಮೂರು ನಾಲ್ಕು ಪಟ್ಟು ಹೊತ್ತು ಹೊತ್ತಿಗೂ ಕೇಳುತ್ತೀರಿ, ಬಿಸಿಯೂ ಅದೇ ಲೆಕ್ಕದಲ್ಲಿ ಹುಟ್ಟುತ್ತದೆ. ಈಗಿನ ಸ್ಥಿತಿಯಲ್ಲಿ ಆ ಕಾರನ್ನು ಟ್ರ್ಯಾಕಿಗೆ ಇಳಿಸಬೇಡಿ. ಹೆದ್ದಾರಿಯಲ್ಲಿ ಎಸಿ ಹಾಕಿಯೂ 100 ಡಿಗ್ರಿ ಆಸುಪಾಸಿನಲ್ಲಿ ನಿಂತ ಮೇಲೆ ಹೋಗಿ. ಅಲ್ಲಿ ಎಸಿ ಆಫ್ ಇರಲಿ, ಗ್ರಿಲ್ ಪೂರ್ತಿ ತೆರೆದಿರಲಿ, ನಾಲ್ಕೈದು ಸುತ್ತಿಗೊಮ್ಮೆ ನಿಧಾನವಾಗಿ ಒಂದು ಸುತ್ತು ಹಾಕಿ ಎಂಜಿನ್ ತಣಿಸಿ. ವಿಂಗ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಒಳ್ಳೆ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಫ್ಲೂಯಿಡ್ ಹಾಕಿಸಿ.